ಬಿಸಿಲುಕೋಣೆಯ ದಾಸ್ತಾನು ಪುಸ್ತಕ

ಆ ಮನೆಯ ಹಿತ್ತಲಿನಲ್ಲಿ ಪ್ರತಿದಿನ ಬೆಳಿಗ್ಗೆ ಏಳೂವರೆಯಿಂದ ಒಂಬತ್ತೂಕಾಲರವರೆಗೆ, ಯಾವುದೇ ಪ್ರಾಧಿಕಾರದ ಪೂರ್ವಾನುಮತಿಯಿಲ್ಲದೆ, ಬಿಸಿಲು ಬೀಳುತ್ತಿತ್ತು. ಹಿಂದಿನ ಮನೆಯ ತಾರಸಿಗೂ ಅದರ ಪಕ್ಕದ ನೀರಿನ ಟ್ಯಾಂಕಿಗೂ ನಡುವಿನ ಸಂದಿಯಿಂದ ಇಳಿದು, ಅಡುಗೆಮನೆಯ ಹಿಂಬಾಗಿಲಿನ ಮುಂದಿದ್ದ ಕಲ್ಲುಹಾಸಿನ ಮೇಲೆ ಒಂದೂ ಮುಕ್ಕಾಲು ಗಂಟೆ ಇದ್ದು, ಯಾರಿಗೂ ವರದಿ ಮಾಡಿಕೊಳ್ಳದೆ ಹೊರಟುಹೋಗುತ್ತಿತ್ತು.

ಈ ಅನಧಿಕೃತ ಬಿಸಿಲಿನ ಏಕೈಕ ಫಲಾನುಭವಿ ಎಂಬತ್ತೊಂದು ವರ್ಷದ ಅತ್ತೆ. ಈ ಕಥೆ ಸೊಸೆಯ ಪಕ್ಕದಲ್ಲಿ ನಿಂತು ನೋಡಿದ್ದಾದ್ದರಿಂದ ನಾವೂ ಆಕೆಯನ್ನು ಅತ್ತೆ ಎಂದೇ ಕರೆಯೋಣ. ಸೊಸೆ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು. ಅವಳು ಹೊಲಿದ ಬಟ್ಟೆಗಳಿಗೆ ಗುಂಡಿ, ಹುಕ್ಕು ಹಾಕುವುದು ಅತ್ತೆಯ ಖಾತೆ. ಬೆಳಗಿನ ಬಿಸಿಲಿನಲ್ಲಿ ಕೈ ಕಾಯಿಸಿಕೊಂಡರೆ ಅತ್ತೆಯ ಬೆರಳುಗಳು ಬಿಚ್ಚಿಕೊಳ್ಳುತ್ತಿದ್ದವು. ಹತ್ತು ಗಂಟೆಗೆಲ್ಲ ಸೂಜಿಗೆ ತಾವೇ ದಾರ ಪೋಣಿಸಿ, ಮಧ್ಯಾಹ್ನದೊಳಗೆ ಮೂರು ಅಂಗಿಗಳ ಗುಂಡಿ ಮುಗಿಸುತ್ತಿದ್ದರು. ಬಿಸಿಲಿಲ್ಲದ ದಿನ ಆ ಬೆರಳುಗಳು ಮುದುರಿಕೊಂಡು ಒಂದು ಲೋಟವನ್ನೂ ಹಿಡಿಯುತ್ತಿರಲಿಲ್ಲ. ಅಂಥ ದಿನ ಅತ್ತೆ ಮಾತಾಡುವುದೂ ಕಡಿಮೆ.

ಇರುವ ತೊಂದರೆ ಒಂದೇ, ಗಾಳಿ. ಹಿತ್ತಲಿನ ಒಂದು ಬದಿಯಿಂದ ಬೀಸುವ ತಣ್ಣನೆ ಗಾಳಿಗೆ ಅತ್ತೆ ಸೆರಗನ್ನು ಕಿವಿಗೆ ಸುತ್ತಿಕೊಂಡು ಕೂರಬೇಕಿತ್ತು. ಎರಡು ಗಳ ನೆಟ್ಟು ಒಂದು ದಪ್ಪ ಕ್ಯಾನ್ವಾಸು ಕಟ್ಟಿದರೆ ಆಯಿತು, ಒಂದು ಮಧ್ಯಾಹ್ನದಲ್ಲಿ ನಾನೇ ಹೊಲಿದು ಕೊಡುತ್ತೇನೆ ಎಂದು ಸೊಸೆ ಹೇಳಿದಳು. ಅವಳು ಈ ಮಾತನ್ನು ಹೇಳಿದ್ದು ಗಂಡನ ಮುಂದೆ. ಅಲ್ಲೇ ಎಡವಟ್ಟಾದದ್ದು.

ಗಂಡ ಮೂವತ್ತೊಂದು ವರ್ಷ ನಗರಾಡಳಿತದ ಟೆಂಡರು ಶಾಖೆಯಲ್ಲಿ ಕೆಲಸ ಮಾಡಿ, ಒಂದೂ ಆಕ್ಷೇಪಣೆಯಿಲ್ಲದೆ ನಿವೃತ್ತರಾದವರು. ಮಾತಿಗೊಂದು ಕಲಂ ತೋರಿಸುತ್ತಿದ್ದದ್ದರಿಂದ ಕಚೇರಿಯಲ್ಲಿ ಅವರಿಗೆ ಕಲಂ ಸಾಹೇಬರೆಂದು ಹೆಸರು ಬಿದ್ದಿತ್ತು. ತಾಯಿಯ ಮೇಲೆ ಅವರಿಗೆ ಪ್ರಾಣ. ಆ ಪ್ರಾಣಕ್ಕೆ ತಕ್ಕದ್ದು ಕ್ಯಾನ್ವಾಸು ಬಟ್ಟೆಯಲ್ಲ, ಮೂರು ಕಡೆ ಗಾಜು, ಮೇಲೆ ಗಾಜು, ಕೆಳಗೆ ಹೊಸ ಹಾಸುಗಲ್ಲು ಇರುವ ಒಂದು ಬಿಸಿಲುಕೋಣೆ ಎಂದು ಅವರು ತೀರ್ಮಾನಿಸಿದರು. ಮರುದಿನ ಅಡುಗೆಮನೆಯ ಗೋಡೆಯ ಮೇಲೆ ಪ್ರಕಟಣೆ ಬಿತ್ತು:

"ಈ ಮೂಲಕ ಮನೆಯ ಸಮಸ್ತ ಸದಸ್ಯರಿಗೆ ತಿಳಿಯಪಡಿಸುವುದೇನೆಂದರೆ, ಹಿತ್ತಲಿನಲ್ಲಿ ಬಿಸಿಲುಕೋಣೆ ನಿರ್ಮಾಣ ಕಾಮಗಾರಿಗೆ ಅರ್ಹ ಗುತ್ತಿಗೆದಾರರನ್ನು ಆಹ್ವಾನಿಸಲಾಗಿದೆ. ಕನಿಷ್ಠ ಮೂವರು ಸ್ಪರ್ಧಿಗಳಿಲ್ಲದೆ ಆಯ್ಕೆ ನಡೆಯತಕ್ಕದ್ದಲ್ಲ."

ಮನೆಯ ಸಮಸ್ತ ಸದಸ್ಯರು ಎಂದರೆ ಮೂವರು. ಒಬ್ಬರು ಬರೆದವರು, ಒಬ್ಬರಿಗೆ ಕನ್ನಡಕವಿಲ್ಲದೆ ಓದಲಾಗದು, ಇನ್ನೊಬ್ಬಳು ಹಾಲು ಉಕ್ಕದಂತೆ ನೋಡಿಕೊಳ್ಳುತ್ತಿದ್ದಳು.

ಮೂವರು ಸ್ಪರ್ಧಿಗಳಿಗಾಗಿ ಕಲಂ ಸಾಹೇಬರು ಎರಡು ವಾರ ಕಾದರು. ಬಂದದ್ದು ಒಬ್ಬನೇ. ಸಣ್ಣ ಮೀಸೆ, ದೊಡ್ಡ ಅಳತೆ ಟೇಪು, ಕಿವಿಯ ಮೇಲೆ ಪೆನ್ಸಿಲ್ಲು. ಮೂವರಿಲ್ಲದೆ ಆಗುವುದಿಲ್ಲ ಎಂದು ಸಾಹೇಬರು ಮರುಗಿದಾಗ, ಅವನು ಅದೇನು ದೊಡ್ಡ ವಿಷಯ, ಮೂರು ಸಲ ಬಂದರಾಯಿತಲ್ಲ ಎಂದ. ನಿಯಮದಲ್ಲಿ ಇದಕ್ಕೆ ಅಡ್ಡಿಯಿದೆಯೇ ಎಂದು ಸಾಹೇಬರು ಪುಸ್ತಕ ತೆಗೆದು ನೋಡಿದರು. ಸ್ಪರ್ಧಿಗಳು ಬೇರೆ ಬೇರೆ ಮನುಷ್ಯರಾಗಿರಬೇಕು ಎಂದು ಎಲ್ಲೂ ಬರೆದಿರಲಿಲ್ಲ.

ಹೀಗೆ ಗುತ್ತಿಗೆದಾರ ಮೂರು ಸಲ ಗೇಟಿನಿಂದ ಹೊರಗೆ ಹೋಗಿ ಮೂರು ಸಲ ಒಳಗೆ ಬಂದ. ಮೂರು ಸಲವೂ ಅವನಿಗೆ ಅದೇ ಪ್ರಶ್ನೆಗಳು, ಮೂರು ಸಲವೂ ಸೊಸೆ ಹೊಸದಾಗಿ ಟೀ ಮಾಡಬೇಕಾಯಿತು, ಏಕೆಂದರೆ ಒಬ್ಬ ಸ್ಪರ್ಧಿಗೆ ಬಿಸಿ ಟೀ, ಇನ್ನೊಬ್ಬನಿಗೆ ಆರಿದ ಟೀ ಕೊಟ್ಟರೆ ಪಕ್ಷಪಾತವಾಗುತ್ತದೆ. ಎರಡನೆಯ ಸಲ ಅವನು ಪೆನ್ಸಿಲ್ಲನ್ನು ಇನ್ನೊಂದು ಕಿವಿಗೆ ಸಿಕ್ಕಿಸಿಕೊಂಡು ಬಂದ. ಮೂರನೆಯ ಸಲ ಸ್ವಲ್ಪ ಕುಂಟಿದ. ಅನುಭವದ ಕೊರತೆಯ ಕಾರಣಕ್ಕೆ ಕುಂಟುವವನನ್ನು ಮೊದಲು ಕೈಬಿಡಲಾಯಿತು. ಪಾಪ, ಒಳ್ಳೆ ಕೆಲಸಗಾರ ಸಾರ್, ಅದೃಷ್ಟ ಸರಿಯಿಲ್ಲ ಎಂದು ಮೊದಲನೆಯವನೇ ವ್ಯಥೆಪಟ್ಟ.

"ಇದುವರೆಗೆ ಎಷ್ಟು ಬಿಸಿಲುಕೋಣೆ ಕಟ್ಟಿದೀರಿ?" ಎಂದು ಸೊಸೆ ಬಾಗಿಲಲ್ಲಿ ನಿಂತು ಕೇಳಿದಳು.

"ಹನ್ನೊಂದು, ಅಮ್ಮಾ."

"ಒಂದನ್ನ ನಾವು ಹೋಗಿ ನೋಡಬಹುದಾ?"

"ಬೇಡ ಅಮ್ಮಾ. ಬಿಸಿಲು ಜಾಸ್ತಿ, ಕಣ್ಣು ಕುಕ್ಕುತ್ತೆ."

ಈ ಉತ್ತರ ಸಾಹೇಬರಿಗೆ ಬಹಳ ಹಿಡಿಸಿತು. ಗುತ್ತಿಗೆ ಅವನಿಗೇ ಆಯಿತು.

ಕೆಲಸ ಶುರುವಾದ ದಿನ ಮೊದಲು ಅಗೆದದ್ದು ಅತ್ತೆ ಕೂರುತ್ತಿದ್ದ ಕಲ್ಲುಹಾಸನ್ನು. ಎರಡನೆಯ ದಿನ ಸಿಮೆಂಟ್ ಮೂಟೆಗಳು ಬಂದವು. ಸಿಮೆಂಟಿಗೆ ತೇವ ಆಗಬಾರದು, ಬೆಳಗಿನ ಬಿಸಿಲು ಬಿದ್ದರೆ ಒಳ್ಳೆಯದು ಎಂದು ಗುತ್ತಿಗೆದಾರ ಹೇಳಿದ. ಇಡೀ ಹಿತ್ತಲಿನಲ್ಲಿ ಬೆಳಗಿನ ಬಿಸಿಲು ಬೀಳುವ ಜಾಗ ಯಾವುದೆಂದು ಎಲ್ಲರಿಗೂ ಗೊತ್ತಿತ್ತು. ಅಲ್ಲಿ ನಲವತ್ತು ಮೂಟೆಗಳು ಏಳೂವರೆಯಿಂದ ಒಂಬತ್ತೂಕಾಲರವರೆಗೆ ಸುಖವಾಗಿ ಮೈ ಕಾಯಿಸಿಕೊಂಡವು. ಅತ್ತೆಗೆ ತಾತ್ಕಾಲಿಕ ವ್ಯವಸ್ಥೆಯಾಗಿ ಮುಂದಿನ ಕೋಣೆಯಲ್ಲಿ ಕುರ್ಚಿ ಹಾಕಲಾಯಿತು. ಆ ಕೋಣೆಗೆ ವರ್ಷದಲ್ಲಿ ಯಾವ ದಿನವೂ ಬಿಸಿಲು ಬರುವುದಿಲ್ಲ, ಆದರೆ ಕಿಟಕಿಯಿಂದ ಎದುರುಮನೆಯ ಗೋಡೆಯ ಮೇಲೆ ಬಿದ್ದ ಬಿಸಿಲು ಚೆನ್ನಾಗಿ ಕಾಣುತ್ತದೆ.

ನಾಲ್ಕನೆಯ ದಿನ ಅತ್ತೆಯ ಬೆರಳು ಮುದುರಿತು. ಗುಂಡಿಗಳ ಡಬ್ಬಿ ಕೈಜಾರಿ ಬಿದ್ದು, ನೂರಾರು ಗುಂಡಿಗಳು ಕೋಣೆಯ ತುಂಬ ಉರುಳಿದವು. ಸೊಸೆ ಮಂಡಿಯೂರಿ ಕಪಾಟಿನ ಕೆಳಗಿನಿಂದೆಲ್ಲ ಹೆಕ್ಕಿದಳು. ಅತ್ತೆ ತಮ್ಮ ಕೈಯನ್ನೇ ನೋಡುತ್ತ ಕೂತಿದ್ದರು. ಸೊಸೆ ಡಬ್ಬಿಯ ಮುಚ್ಚಳ ಒತ್ತಿ ಎದ್ದಳು. ಹಿತ್ತಲಿಗೆ ಹೋಗಿ, ಯಾವಾಗ ಮುಗಿಯುತ್ತದೆ ಎಂದು ಕೇಳಿದಳು.

"ಆಯ್ತು ಅಂದ್ಕೊಳ್ಳಿ, ಅಮ್ಮಾ," ಎಂದ ಗುತ್ತಿಗೆದಾರ.

ಅವನ ಬಾಯಲ್ಲಿ ಆಗುವುದಿಲ್ಲ ಎಂಬ ಮಾತು ಬಂದದ್ದೇ ಇಲ್ಲ. ಹಾಸು ಯಾವಾಗ? ಆಯ್ತು ಅಂದ್ಕೊಳ್ಳಿ. ಚೌಕಟ್ಟು? ಆಯ್ತು ಅಂದ್ಕೊಳ್ಳಿ. ಕಲಂ ಸಾಹೇಬರು ಕೆಲಸದ ಪ್ರಗತಿಗೆಂದು ಗೋಡೆಗೆ ಒಂದು ಪಟ್ಟಿ ಅಂಟಿಸಿದ್ದರು. ಮೊದಲು ಅದರಲ್ಲಿ 'ಆದದ್ದು' ಎಂಬ ಒಂದೇ ಅಂಕಣವಿತ್ತು. ಅದು ಬಹಳ ದಿನ ಖಾಲಿ ಉಳಿದು ನೋಡಲು ಚೆನ್ನಾಗಿರಲಿಲ್ಲವಾದ್ದರಿಂದ, ಪಕ್ಕದಲ್ಲಿ 'ಆಯಿತು ಅಂದುಕೊಂಡದ್ದು' ಎಂದು ಇನ್ನೊಂದು ಅಂಕಣ ಎಳೆದರು. ಆಮೇಲೆ ಕಾಮಗಾರಿ ಭರದಿಂದ ಸಾಗಿತು. ಎರಡನೆಯ ತಿಂಗಳ ಕೊನೆಗೆ ಎರಡೂ ಅಂಕಣ ಸೇರಿ ನೂರಕ್ಕೆ ನೂರು ಆಗಿತ್ತು, ಹಿತ್ತಲಿನಲ್ಲಿ ಅಗೆದ ಒಂದು ಗುಂಡಿಯೂ ನಲವತ್ತು ಮೂಟೆಯೂ ಇದ್ದವು.

ಆದರೂ ಗುತ್ತಿಗೆದಾರ ಮೋಸಗಾರನಲ್ಲ. ಐದನೆಯ ತಿಂಗಳಿನಲ್ಲಿ ಅವನು ಎಲ್ಲರ ನಿರೀಕ್ಷೆಯನ್ನೂ ಸುಳ್ಳು ಮಾಡಿ ನಿಜವಾಗಿಯೂ ಕೋಣೆ ಕಟ್ಟಿದ. ಅಡುಗೆಮನೆಯ ಹಿಂಬಾಗಿಲು ನೇರ ಅದರೊಳಕ್ಕೆ ತೆರೆಯುತ್ತಿತ್ತು. ಆಚೆ ಕಡೆ, ಕೋಣೆಗೂ ಕಾಂಪೌಂಡು ಗೋಡೆಗೂ ನಡುವೆ, ನಿಯಮದಂತೆ ಮೂರಡಿ ಜಾಗ ಬಿಟ್ಟು, ಅಲ್ಲಿಗೆ ಹೋಗಲು ಇನ್ನೊಂದು ಬಾಗಿಲು ಇಟ್ಟಿದ್ದ.

ಗಾಜು ಕೂರಿಸಿದ ಮರುದಿನ ಬೆಳಿಗ್ಗೆ, ಸಾಹೇಬರು ಸ್ನಾನಕ್ಕೆ ಹೋಗಿದ್ದಾಗ, ಸೊಸೆ ಅತ್ತೆಯ ಕೈಹಿಡಿದು ಒಳಗೆ ಕರೆತಂದು ಕೂರಿಸಿದಳು. ಗಾಳಿಯಿಲ್ಲ. ಬಿಸಿಲು ಮಂಡಿಯ ಮೇಲೆ, ಮಡಿಲ ಮೇಲೆ, ಬೆರಳಿನ ಮೇಲೆ ಬಿತ್ತು. ಅತ್ತೆ ಸೆರಗನ್ನು ಕಿವಿಯಿಂದ ತೆಗೆದು, ಎರಡೂ ಕೈ ಮುಂದೆ ಚಾಚಿ, ಒಂದೊಂದೇ ಬೆರಳು ಬಿಡಿಸುತ್ತ ಕೂತರು. ಕೊನೆಗೆ, ನನ್ನ ಮಗ ಇಷ್ಟು ಒಳ್ಳೆ ಕೆಲಸ ಮಾಡಿದಾನಲ್ಲೇ ಎಂದರು. ಇದು ಹನ್ನೊಂದು ನಿಮಿಷ ನಡೆಯಿತು. ಅಷ್ಟರಲ್ಲಿ ಸಾಹೇಬರು ಒದ್ದೆ ತಲೆಯಲ್ಲೇ ಓಡಿಬಂದು, ಬಳಕೆಯ ಪ್ರಮಾಣಪತ್ರ ಬರುವ ತನಕ ಯಾರೂ ಒಳಗೆ ಕೂರುವಂತಿಲ್ಲ ಎಂದು ತಾಯಿಯನ್ನು ಬಹಳ ಮೃದುವಾಗಿ ಎಬ್ಬಿಸಿದರು.

ಪ್ರಮಾಣಪತ್ರ ಕೊಡಬೇಕಾದ ನಗರಾಡಳಿತದ ತನಿಖಾಧಿಕಾರಿ ಬಂದದ್ದು ಮಧ್ಯಾಹ್ನ ಮೂರೂವರೆಗೆ. ಬೆಳಗಿನ ಹೊತ್ತನ್ನು ಅವರು ಹಿಂದಿನ ದಿನದ ಮಧ್ಯಾಹ್ನದ ವರದಿ ಬರೆಯಲು ಮೀಸಲಿಟ್ಟಿದ್ದರು. ಕೋಣೆಯ ನಡುವೆ ಒಂದು ಬಿಳಿ ಹಾಳೆ ಹಾಸಿ, ಅದರ ಮೇಲೆ ಒಂದು ಪೆನ್ಸಿಲ್ಲನ್ನು ನೆಟ್ಟಗೆ ಹಿಡಿದು, ಎರಡು ನಿಮಿಷ ಹಾಳೆಯನ್ನೇ ನೋಡಿದರು.

"ನೆರಳು ಬೀಳ್ತಾ ಇಲ್ಲ. ಆದ್ದರಿಂದ ಇಲ್ಲಿ ಬಿಸಿಲಿಲ್ಲ."

"ಸಾರ್, ಇಲ್ಲಿ ಬಿಸಿಲು ಬರೋದು ಬೆಳಿಗ್ಗೆ," ಎಂದಳು ಸೊಸೆ. "ನಾಳೆ ಎಂಟು ಗಂಟೆಗೆ ಬಂದು ನೋಡಿ."

"ಬೆಳಿಗ್ಗೆ ಬಿಸಿಲಿದೆ ಅನ್ನೋದು ನಿಮ್ಮ ಹೇಳಿಕೆ ಮೇಡಂ. ಇಲ್ಲ ಅಂತ ನಾನು ಹೇಳ್ತಿಲ್ಲ. ಆದ್ರೆ ನಾವು ಬಂದಾಗ ಇರೋದನ್ನ ಮಾತ್ರ ನಾವು ಇದೆ ಅಂತ ಬರೀಬಹುದು."

ಬಿಸಿಲಿಲ್ಲದ ಮೇಲೆ ಅದು ಬಿಸಿಲುಕೋಣೆಯಲ್ಲ. ಒಲೆಯಿಲ್ಲ, ಆದ್ದರಿಂದ ಅಡುಗೆಮನೆಯಲ್ಲ. ಮಂಚವಿಲ್ಲ, ನಲ್ಲಿಯಿಲ್ಲ. ಒಲೆ, ಮಂಚ, ನಲ್ಲಿ, ಬಿಸಿಲು ಯಾವುದೂ ಇಲ್ಲದ ಕೋಣೆಗೆ ನಮೂನೆಯಲ್ಲಿ ಉಳಿದಿದ್ದ ಹೆಸರು ಒಂದೇ, ಉಗ್ರಾಣ. ಅಧಿಕಾರಿ ಅದಕ್ಕೆ ಗುರುತು ಹಾಕಿ, ಉಗ್ರಾಣ ನಿಯಮಾವಳಿಯ ಹದಿನಾಲ್ಕನೆಯ ಕಲಂ ಪ್ರಕಾರ ಒಳಗಿರುವ ದಾಸ್ತಾನಿನ ಮೇಲೆ ಯಾವ ಕಾರಣಕ್ಕೂ ಬಿಸಿಲು ಬೀಳತಕ್ಕದ್ದಲ್ಲವೆಂದೂ, ಬಿಸಿಲು ಒಳಬರಬಹುದಾದ ಗಾಜನ್ನೆಲ್ಲ ಹತ್ತು ದಿನದೊಳಗೆ ಮುಚ್ಚತಕ್ಕದ್ದೆಂದೂ ಓದಿದರು. ಇಲ್ಲದ ಬಿಸಿಲು ಬೀಳುವುದು ಹೇಗೆ ಎಂದು ಸೊಸೆ ಕೇಳಬೇಕೆಂದಿದ್ದಳು. ಕೇಳುವ ಮೊದಲು ಗಂಡನ ಮುಖ ನೋಡಿದಳು.

ಆ ಮುಖ ಅರಳಿತ್ತು. ಅವರು ಕಣ್ಣು ಮುಚ್ಚಿ ಕಲಂನ ಉಳಿದ ಭಾಗವನ್ನು ಬಾಯಿಪಾಠ ಒಪ್ಪಿಸುತ್ತಿದ್ದರು. ಹತ್ತೊಂಬತ್ತು ವರ್ಷದ ಹಿಂದೆ ಹಳೆಯ ಕಡತಗಳು ಬಿಸಿಲಿಗೆ ಬಣ್ಣಗೆಟ್ಟಾಗ ಆ ನಿಯಮಾವಳಿಯನ್ನು ಕೂತು ಬರೆದವರು ಅವರೇ. ಆ ಉಗ್ರಾಣ ನಿಯಮಾವಳಿ ನಿಮ್ಮದಾ ಸಾರ್ ಎಂದು ಅಧಿಕಾರಿ ಎದ್ದು ನಿಂತರು. ಸಾಹೇಬರು ಕಪಾಟಿನಿಂದ ಮೂಲ ಕರಡು ತಂದು ತೋರಿಸಿದರು. ಇಬ್ಬರೂ ಐದು ಗಂಟೆಯವರೆಗೆ ಕೂತು, ಎಲ್ಲೂ ನುಸುಳಲು ಒಂದು ಕಿಂಡಿಯಿಲ್ಲದಂತೆ ಅದನ್ನು ಹೇಗೆ ಬಿಗಿಯಾಗಿ ಹೆಣೆಯಲಾಗಿದೆ ಎಂದು ಮೆಚ್ಚಿಕೊಂಡರು. ಅಧಿಕಾರಿ ಹೊರಟ ಮೇಲೆ ಸಾಹೇಬರು ಖಾಲಿ ಗಾಜಿನ ಕೋಣೆಯ ನಡುವೆ ನಿಂತಿದ್ದರು. ಮೂವತ್ತು ವರ್ಷದ ಸಂಸಾರದಲ್ಲಿ ಅಷ್ಟು ಹೆಮ್ಮೆಯನ್ನೂ ಅಷ್ಟು ದುಃಖವನ್ನೂ ಒಂದೇ ಮುಖದಲ್ಲಿ ಸೊಸೆ ನೋಡಿರಲಿಲ್ಲ.

ಗಾಜಿಗೆ ಬಣ್ಣ ಬಳಿಯಲು ಗುತ್ತಿಗೆದಾರ ಹೇಳಿದ ದಿನವೇ, ಹೇಳಿದ ಗಂಟೆಗೇ ಬಂದ. ಇನ್ನೊಂದು ಕಡೆ ಉಳಿದಿದ್ದ ಕಡು ಹಸಿರು ಬಣ್ಣವಿತ್ತಂತೆ. ಎರಡು ಗಂಟೆಯಲ್ಲಿ ಮೂರು ಕಡೆಯೂ ಮೇಲೂ ಬಳಿದು ಮುಗಿಸಿದ. ಇಡೀ ಕಾಮಗಾರಿಯಲ್ಲಿ 'ಆದದ್ದು' ಅಂಕಣಕ್ಕೆ ನೇರವಾಗಿ ಹೋದ ಕೆಲಸ ಇದೊಂದೇ.

ಈಗ ಬಿಸಿಲು ಬೀಳಲು ಉಳಿದದ್ದು ಕೋಣೆಯ ಆಚೆಗಿನ ಆ ಮೂರಡಿ ಜಾಗ ಮಾತ್ರ. ಇದನ್ನು ಕಂಡುಹಿಡಿದವಳು ಸೊಸೆ, ಬಟ್ಟೆ ಒಣಹಾಕಲು ಹೋದಾಗ. ಒಂದು ಕುರ್ಚಿ ಹಿಡಿಸುವಷ್ಟು ಅಗಲ. ಒಂದು ಕಡೆ ಕಾಂಪೌಂಡು ಗೋಡೆ, ಇನ್ನೊಂದು ಕಡೆ ಕೋಣೆಯ ಗಾಜು, ಗಾಳಿಗೆ ತಲೆ ತೂರಿಸಲೂ ಜಾಗವಿಲ್ಲ. ಅವಳ ಕ್ಯಾನ್ವಾಸು ಮಾಡಬೇಕಿದ್ದ ಕೆಲಸವನ್ನು ಕೋಣೆ ಸಮರ್ಪಕವಾಗಿ ಮಾಡುತ್ತಿತ್ತು. ಆದರೆ ಅಲ್ಲಿಗೆ ಹೋಗಬೇಕಾದರೆ ಉಗ್ರಾಣದ ಮೂಲಕವೇ ಹೋಗಬೇಕು. ಇಪ್ಪತ್ತೆರಡನೆಯ ಕಲಂ ಪ್ರಕಾರ ಉಗ್ರಾಣದೊಳಗೆ ಉಗ್ರಾಣಾಧಿಕಾರಿ, ಸಹಾಯಕರು ಮತ್ತು ದಾಸ್ತಾನು, ಈ ಮೂರರ ಹೊರತು ಬೇರೇನೂ ಪ್ರವೇಶಿಸತಕ್ಕದ್ದಲ್ಲ. ಉಗ್ರಾಣಾಧಿಕಾರಿ ಸಾಹೇಬರು. ಸಹಾಯಕಿ ಸೊಸೆ. ಅತ್ತೆಗೆ ಯಾವ ಹುದ್ದೆಯೂ ಖಾಲಿಯಿರಲಿಲ್ಲ.

"ರೀ, ಅವರು ನಿಮ್ಮ ಅಮ್ಮ," ಎಂದಳು ಸೊಸೆ. "ಕೈಹಿಡಿದು ಆ ಬಾಗಿಲಿಂದ ಈ ಬಾಗಿಲಿಗೆ ಹತ್ತು ಹೆಜ್ಜೆ. ಯಾರು ನೋಡ್ತಾರೆ?"

"ನಾನು ನೋಡ್ತೀನಲ್ಲೇ," ಎಂದರು ಸಾಹೇಬರು. ಆ ದಿನ ಅವರು ಎರಡು ಹೊತ್ತು ಊಟ ಬಿಟ್ಟರು.

ಮೂರನೆಯ ದಿನ ಅವರಿಗೆ ದಾರಿ ಹೊಳೆಯಿತು. ತಾವು ಬರೆದ ನಿಯಮಾವಳಿಯಲ್ಲಿ ದಾಸ್ತಾನು ಎಂದರೇನು ಎಂಬ ವಿವರಣೆಯನ್ನೇ ಬರೆಯಲು ಮರೆತಿದ್ದರು. ಹತ್ತೊಂಬತ್ತು ವರ್ಷದಲ್ಲಿ ಯಾರೂ ಕಾಣದಿದ್ದ ಈ ಲೋಪಕ್ಕೆ ಅವರು ಮೊದಲು ನಾಚಿಕೆಪಟ್ಟರು, ಆಮೇಲೆ ದಪ್ಪ ರಟ್ಟಿನ ಒಂದು ಪುಸ್ತಕ ತಂದು ಗೆರೆ ಹಾಕಿದರು. ಕಬ್ಬಿಣದ ಪೆಟ್ಟಿಗೆ ಒಂದು. ಏಣಿ ಒಂದು. ಹಳೆಯ ಹಾಸಿಗೆ ಎರಡು. ಹೀಗೆ ಬರೆಯುತ್ತ ಬಂದು ಏಳನೆಯ ಸಾಲಿನಲ್ಲಿ ದುಂಡಗಿನ ಅಕ್ಷರದಲ್ಲಿ "ತಾಯಿ, ಒಂದು. ಮರದ ಕುರ್ಚಿ ಸಮೇತ" ಎಂದು ಬರೆದು, ಅತ್ತೆಗೆ ಓದಿ ಹೇಳಿದರು.

ಅತ್ತೆ ಗಮನವಿಟ್ಟು ಕೇಳಿದರು. "ಏಣಿಯಾದ ಮೇಲೆ ಬರೆದಿದೀಯಲ್ಲಪ್ಪಾ. ನಾನು ಅದಕ್ಕಿಂತ ಮುಂಚೆ ಈ ಮನೆಗೆ ಬಂದೋಳು."

ಕ್ರಮಸಂಖ್ಯೆ ಬಾಗಿಲಿನಿಂದ ಕಾಣುವ ಪ್ರಕಾರ, ಹಿರಿತನದ ಪ್ರಕಾರ ಅಲ್ಲ ಎಂದು ಸಾಹೇಬರು ವಿವರಿಸಿದ ಮೇಲೆ ಅತ್ತೆ ಒಪ್ಪಿದರು.

ಇನ್ನು ಒಳಗಿರುವ ದಾಸ್ತಾನು ಹೊರಗೆ ಹೋಗಬೇಕಾದರೆ ಹೊರಸಾಗಣೆ ಚೀಟಿ ಬೇಕು. ನಿಯಮಾವಳಿ ಅದಕ್ಕೆ ಮೂರು ಕಾರಣಗಳನ್ನು ಮಾತ್ರ ಒಪ್ಪುತ್ತದೆ: ದುರಸ್ತಿ, ಹರಾಜು, ಒಣಗಿಸುವುದು. ಗಂಡ ಹೆಂಡತಿ ಇಬ್ಬರೂ ಕೂತು ಚರ್ಚಿಸಿ ಮೂರನೆಯದನ್ನು ಆರಿಸಿದರು. ದಿನವೂ ಏಳು ಇಪ್ಪತ್ತಕ್ಕೆ ಸಾಹೇಬರು ಚೀಟಿ ಬರೆದು ಸಹಿ ಹಾಕುವರು. ಏಳೂವರೆಗೆ ದಾಸ್ತಾನು ಏಳು ಒಣಗಲು ಹೊರಗೆ ಹೋಗುವುದು. ಒಂಬತ್ತೂಕಾಲಿಗೆ ಒಳಗೆ ತಂದು, ವಾಪಸಾದ ಸ್ಥಿತಿ ಎಂಬ ಅಂಕಣದಲ್ಲಿ 'ಸುಸ್ಥಿತಿ' ಅಥವಾ 'ದುರಸ್ತಿಗೆ ಅರ್ಹ' ಎಂಬ ಎರಡರಲ್ಲಿ ಒಂದನ್ನು ಬರೆಯುವುದು. ಸಾಹೇಬರು ಎಂದೂ ತಪ್ಪದೆ ಸುಸ್ಥಿತಿ ಎಂದೇ ಬರೆದರು. ಅತ್ತೆಯ ಬೆರಳು ಮತ್ತೆ ಬಿಚ್ಚಿಕೊಂಡವು, ಅಂಗಿಗಳಿಗೆ ಗುಂಡಿ ಬಿದ್ದವು. ಮಧ್ಯಾಹ್ನ ಮೂರೂವರೆಗೊಮ್ಮೆ ಬಂದ ತನಿಖಾಧಿಕಾರಿ ಪುಸ್ತಕ ತಿರುವಿ, ಇಷ್ಟು ಕ್ರಮಬದ್ಧವಾಗಿ ಒಣಗಿಸಿದ ದಾಸ್ತಾನನ್ನು ತಾನು ಬೇರೆಲ್ಲೂ ನೋಡಿಲ್ಲ ಎಂದು ಷರಾ ಬರೆದು ಹೋದರು. ಇದೇ ಕಾರಣಕ್ಕೆ ಸಾಹೇಬರನ್ನು ಕಚೇರಿಯಲ್ಲಿ ಸನ್ಮಾನಿಸುವುದೆಂದೂ ತೀರ್ಮಾನವಾಯಿತು.

ಸನ್ಮಾನದ ದಿನ ಸಾಹೇಬರು ಆರು ಗಂಟೆಯ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಚೀಟಿ ಬರೆಯುವುದನ್ನು ಮರೆತರು. ಏಳೂವರೆಗೆ ಸೊಸೆ ಉಗ್ರಾಣಕ್ಕೆ ಬಂದು, ಅತ್ತೆ, ಏಳಿ, ಬಿಸಿಲು ಬಂತು ಎಂದು ಕೈ ಚಾಚಿದಳು.

ಅತ್ತೆ ಏಳಲಿಲ್ಲ. "ಚೀಟಿ ಎಲ್ಲಮ್ಮ?"

ಇವತ್ತು ಚೀಟಿಯಿಲ್ಲ, ಅವರೂ ಇಲ್ಲ, ಮನೆಯಲ್ಲಿ ನಾವಿಬ್ಬರೇ, ಬನ್ನಿ ಎಂದಳು ಸೊಸೆ. ಅತ್ತೆ ಕುರ್ಚಿಯ ತೋಳುಗಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಚೀಟಿ ಇಲ್ಲದೆ ಹೊರಗೆ ಹೋದ ದಾಸ್ತಾನು ಕಳುವಾದ ಹಾಗೆ ಅಂತ ನನ್ನ ಮಗನೇ ಬರೆದಿದಾನೆ. ಈ ವಯಸ್ಸಿನಲ್ಲಿ ನಾನು ಕಳುವಾಗೋದಿಲ್ಲಮ್ಮ. ಅವನಿಗೆ ಇವತ್ತೇ ಸನ್ಮಾನ ಬೇರೆ."

ಏಳು ಮುಕ್ಕಾಲಾಯಿತು. ಸೊಸೆ ಬೇಡಿಕೊಂಡಳು, ರೇಗಿದಳು, ನಿಮಗೂ ಅವರಿಗೂ ಏನಾಗಿದೆ ಎಂದು ಕೇಳಿದಳು. ಎಂಟಾಯಿತು. ಹಸಿರು ಗಾಜಿನ ಆಚೆ ಬಿಸಿಲು ಬಂದು ಕಾಯುತ್ತಿರುವುದು ಮಸುಕಾಗಿ ಕಾಣುತ್ತಿತ್ತು. ಮಡಿಲಲ್ಲಿ ಅತ್ತೆಯ ಬೆರಳುಗಳು ಮುದುರತೊಡಗಿದ್ದವು. ಎಂಟು ಗಂಟೆ ಹತ್ತು ನಿಮಿಷಕ್ಕೆ ಸೊಸೆ ಬೈಯುವುದನ್ನು ನಿಲ್ಲಿಸಿ, ಮೇಜಿನ ಮುಂದೆ ಕೂತು, ದಪ್ಪ ರಟ್ಟಿನ ಪುಸ್ತಕ ತೆರೆದು, ಖಾಲಿ ಚೀಟಿಯೊಂದನ್ನು ಎಳೆದುಕೊಂಡಳು. ದಾಸ್ತಾನು ಸಂಖ್ಯೆ ಏಳು. ಪರಿಮಾಣ ಒಂದು. ಕಾರಣ, ಒಣಗಿಸಲು. ಉಗ್ರಾಣಾಧಿಕಾರಿಯವರ ಪರವಾಗಿ ಎಂದು ಬರೆದು ತನ್ನ ಸಹಿ ಹಾಕಿದಳು. ಅತ್ತೆ ಕನ್ನಡಕ ಏರಿಸಿ, ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು, ಮೇಲಿನಿಂದ ಕೆಳಗೆ ನೋಡಿ, ತಾರೀಖು ಹಾಕಿಲ್ಲ ಎಂದರು. ಸೊಸೆ ತಾರೀಖು ಹಾಕಿದಳು. ಅತ್ತೆ ಎದ್ದರು.

ಒಂಬತ್ತೂಕಾಲಿಗೆ ಸೊಸೆ ಅವರನ್ನು ಒಳಗೆ ಕರೆತಂದು ಕೂರಿಸಿ, ಸ್ಥಿತಿಯ ಅಂಕಣದ ಮುಂದೆ ಪೆನ್ನು ಹಿಡಿದು ಕೂತಳು. ಒಪ್ಪಿಗೆಯಿರುವುದು ಎರಡೇ ಮಾತಿಗೆ. ಸುಸ್ಥಿತಿ ಎಂದು ಬರೆಯಲು ಅವಳಿಗೆ ಮನಸ್ಸು ಬರಲಿಲ್ಲ; ಪೆಟ್ಟಿಗೆಗೂ ಏಣಿಗೂ ಅದೇ ಮಾತು. ಎದ್ದು ಹೋಗಿ ಅತ್ತೆಯ ಎರಡೂ ಕೈಗಳನ್ನು ತನ್ನ ಕೈಯೊಳಗೆ ಹಿಡಿದು ನೋಡಿದಳು. ಬಂದು, "ಬೆಚ್ಚಗಿದೆ" ಎಂದು ಬರೆದಳು.

ಸಂಜೆ ಹಾರ ಹಿಡಿದುಕೊಂಡು ಬಂದ ಸಾಹೇಬರು ಪುಸ್ತಕ ನೋಡಿ ಹುಬ್ಬು ಗಂಟಿಕ್ಕಿದರು. ನಿಯಮದಲ್ಲಿ ಈ ಮಾತಿಲ್ಲ, ಹೊಡೆದುಹಾಕಬೇಕು, ಆದರೆ ಪರಿಶೀಲಿಸದೆ ಹೊಡೆದುಹಾಕುವಂತಿಲ್ಲ ಎಂದರು. ಮರುದಿನ ಒಂಬತ್ತೂಕಾಲಿಗೆ ಅವರೇ ಪರಿಶೀಲನೆಗೆ ಹೋದರು. ತಾಯಿಯ ಕೈಹಿಡಿದು ನೋಡಲು ಒಂದು ನಿಮಿಷ ಸಾಕಿತ್ತು, ಅವರು ಹತ್ತೂವರೆಯವರೆಗೂ ಬರಲಿಲ್ಲ. ಬಂದವರು ಸೊಸೆಯ ಬರಹದ ಪಕ್ಕ "ಪರಿಶೀಲಿಸಿದೆ, ಸರಿಯಿದೆ" ಎಂದು ಬರೆದು, ಅವತ್ತೇ ಕೂತು ನಿಯಮಾವಳಿಗೆ ತಿದ್ದುಪಡಿಯ ಕರಡು ಸಿದ್ಧಪಡಿಸಿ ಕಚೇರಿಗೆ ಕಳಿಸಿದರು.

ತಿದ್ದುಪಡಿ ಅಂಗೀಕಾರವಾಗಿ ಸುತ್ತೋಲೆ ಹೊರಟಿದೆ. ಒಣಗಿಸಿ ತಂದ ಪ್ರತಿಯೊಂದು ದಾಸ್ತಾನನ್ನೂ ಜವಾಬ್ದಾರಿಯುಳ್ಳ ಒಬ್ಬರು ಎರಡೂ ಕೈಗಳಿಂದ ಹಿಡಿದು ನೋಡಿದ ನಂತರವೇ ಸ್ಥಿತಿಯನ್ನು ನಮೂದಿಸತಕ್ಕದ್ದು. ಈಗ ಊರಿನ ಎಲ್ಲ ಉಗ್ರಾಣಗಳಲ್ಲೂ ಬೆಳಗಿನ ಒಂಬತ್ತೂಕಾಲಿಗೆ ಸಿಬ್ಬಂದಿಯವರು ಹಳೆಯ ಕಡತಗಳನ್ನೂ ಕಾಲುಮುರಿದ ಮೇಜುಗಳನ್ನೂ ಸ್ವಲ್ಪ ಹೊತ್ತು ಹಿಡಿದುಕೊಂಡು ನಿಲ್ಲುತ್ತಾರೆ. ಯಾರಿಗೂ ತಕರಾರಿಲ್ಲ.